ಕಡಲು ಒಮ್ಮೆ ಇಲ್ಲಿತ್ತು

ಹೇಸ್ಟಿಂಗ್ಸ್‌ಗೆ ಬಂದರು ಇಲ್ಲ. ಇಂಗ್ಲೆಂಡಿನ ದಕ್ಷಿಣ ದಡದಲ್ಲಿ ಸಾವಿರ ವರ್ಷದಿಂದ ಮೀನು ಹಿಡಿಯುತ್ತಿರುವ ಊರು, ಒಂದು ಕಾಲಕ್ಕೆ ದೇಶದ ದೊರೆಗೆ ಯುದ್ಧದ ಹಡಗುಗಳನ್ನು ಒದಗಿಸುತ್ತಿದ್ದ ಊರು, ಇವತ್ತಿಗೂ ದೋಣಿ ಕಟ್ಟಿಹಾಕಲು ಒಂದು ಒಳ್ಳೆಯ ಕಟ್ಟೆ ಇಲ್ಲದೆ ಕಸುಬು ನಡೆಸುತ್ತಿದೆ. ಹೊರಟ ದೋಣಿ ದಂಡೆಯಿಂದ ನೇರ ನೀರಿಗೆ ಬೀಳಬೇಕು, ಮರಳಿದ ದೋಣಿ ನೀರಿನಿಂದ ನೇರ ದಂಡೆಗೆ ಏರಬೇಕು.

ಹಳೇ ಊರಿನ ಮುಂದಿರುವ ಈ ದಂಡೆಗೆ ಸ್ಟೇಡ್ ಎಂದು ಹೆಸರು. ಕಾಲಿಟ್ಟರೆ ಮರಳು ಸಿಗುವುದಿಲ್ಲ; ಕಂದು, ಬೂದು, ಜೇನುಬಣ್ಣದ ಉರುಟುಕಲ್ಲುಗಳು ಗುಡ್ಡೆಗುಡ್ಡೆಯಾಗಿ ಬಿದ್ದಿವೆ. ಅಲೆ ಹಿಂದಕ್ಕೆ ಸರಿದಾಗಲೆಲ್ಲ ಅವು ಒಂದರ ಮೇಲೊಂದು ಉರುಳಿ ಗರಗರ ಎನ್ನುತ್ತವೆ. ದೋಣಿ ಬರುವ ಹೊತ್ತಿಗೆ ಇಲ್ಲಿ ನಿಂತು ನೋಡಬೇಕು. ದಡಕ್ಕೆ ತುಸು ದೂರದಲ್ಲಿ ದೋಣಿ ತಡೆದು ನಿಲ್ಲುತ್ತದೆ. ಚುಕ್ಕಾಣಿ ಹಿಡಿದವನು ತಿರುಗಿ ತಿರುಗಿ ಹಿಂದಿನ ಅಲೆಗಳನ್ನು ನೋಡುತ್ತಾನೆ. ತನಗೆ ಬೇಕಾದ ಅಲೆ ಬಂತೆಂದರೆ ಎಂಜಿನ್ನಿನ ಪೂರ್ತಿ ಬಲ ಬಿಟ್ಟು ಅದರ ಬೆನ್ನೇರಿ ದೋಣಿಯ ಮೂತಿಯನ್ನು ಕಲ್ಲಿನ ಇಳಿಜಾರಿಗೆ ನುಗ್ಗಿಸುತ್ತಾನೆ. ಕಾಯುತ್ತಿದ್ದವನು ನೀರಿಗಿಳಿದು ಉಕ್ಕಿನ ಹಗ್ಗದ ಕೊಕ್ಕೆಯನ್ನು ದೋಣಿಗೆ ಸಿಕ್ಕಿಸುತ್ತಾನೆ, ಕೈಯೆತ್ತುತ್ತಾನೆ. ಮೇಲಿನ ಗೂಡಿನೊಳಗೆ ವಿಂಚ್ ತಿರುಗತೊಡಗುತ್ತದೆ. ಸಡಿಲ ಬಿದ್ದಿದ್ದ ಹಗ್ಗ ಕಲ್ಲಿನಿಂದೆದ್ದು ಬಿಗಿಯುತ್ತದೆ, ನೀರು ಹನಿಯುತ್ತದೆ, ಟನ್ನುಗಟ್ಟಲೆ ತೂಕದ ದೋಣಿ ಕಿರುಗುಟ್ಟುತ್ತ ಒಂದೊಂದೇ ಅಡಿ ಮೇಲೇರುತ್ತದೆ. ಎಂಜಿನ್ನು ಬರುವ ಮುಂಚೆ ಈ ಕೆಲಸ ಕುದುರೆಗಳದ್ದು. ನೆಟ್ಟ ಕಂಬದ ಸುತ್ತ ಗಾಣದ ಎತ್ತಿನಂತೆ ತಿರುಗಿ ಹಗ್ಗ ಸುತ್ತುತ್ತಿದ್ದವು. ಮರುದಿನ ದೋಣಿಯನ್ನು ನೀರಿಗೆ ನೂಕಲು ತುಕ್ಕು ಹಿಡಿದ ಬುಲ್ಡೋಜರ್‌ಗಳು ಅಲ್ಲೇ ನಿಂತಿವೆ.

ದಂಡೆಯಿಂದಲೇ ಇಳಿದು ದಂಡೆಗೇ ಏರುವ ಇಷ್ಟು ದೊಡ್ಡ ದೋಣಿಗುಂಪು ಯುರೋಪಿನಲ್ಲಿ ಬೇರೆಡೆ ಇಲ್ಲವೆಂದು ಊರಿನವರು ಹೆಮ್ಮೆಪಡುತ್ತಾರೆ. ಆ ಹೆಮ್ಮೆ ನ್ಯಾಯವಾದದ್ದು. ಎಳೆಯಲು ಆಗುವಷ್ಟೇ ದೊಡ್ಡ ದೋಣಿ, ಆ ದೋಣಿ ತಡೆಯುವಷ್ಟೇ ದೂರ, ಆ ದೂರದಲ್ಲಿ ಸಿಕ್ಕಷ್ಟೇ ಮೀನು: ಇಲ್ಲಿ ಕಸುಬಿನ ಮಿತಿಯನ್ನು ದಂಡೆಯೇ ಗೊತ್ತುಮಾಡಿದೆ. ಸೋಲ್ ಮೀನು, ನಮ್ಮ ಕರಾವಳಿಯ ನಂಗಿನ ದೂರದ ನೆಂಟ, ಇಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಜೊತೆಗೆ ಪ್ಲೇಸ್, ಬಂಗುಡೆ, ಹೆರಿಂಗ್, ಕಪ್ಪೆಬೊಂಡಾಸು. ದೋಣಿಯ ಬೆನ್ನಿಗೇ ಕಪ್ಪು ಬಳಿದ ಅಂಗಡಿಗಳಿವೆ. ಬೆಳಗಿನ ಮೀನು ಮಧ್ಯಾಹ್ನದೊಳಗೆ ಅಲ್ಲೇ ಮಾರಿಹೋಗುತ್ತದೆ.

ಸ್ಟೇಡ್‌ನ ಅಂಚಿನಲ್ಲಿ ಸಾಲಾಗಿ ನಿಂತಿರುವ ಬಲೆಮನೆಗಳನ್ನು ಎಷ್ಟು ಹೊತ್ತು ನೋಡಿದರೂ ನನಗೆ ಸಾಕೆನಿಸುವುದಿಲ್ಲ. ಡಾಂಬರು ಬಳಿದ ಮರದ ಮನೆಗಳು. ತಳ ಎಂಟೊಂಬತ್ತು ಅಡಿ ಚೌಕವಷ್ಟೇ, ಎತ್ತರ ಮಾತ್ರ ಎರಡು ಮೂರು ಅಂತಸ್ತು. ಕಿಟಕಿ ಇಲ್ಲ, ಒಂದೊಂದು ಅಂತಸ್ತಿಗೆ ಒಂದೊಂದು ಬಾಗಿಲು. ಹತ್ತಿ ಮತ್ತು ಸೆಣಬಿನ ಬಲೆಗಳು ಒದ್ದೆಯಾಗಿದ್ದರೆ ಕೊಳೆಯುತ್ತವೆ. ಅವನ್ನು ಒಣಗಿಸಿ, ಜೋಪಾನವಾಗಿ ಇಡಲು ಇವು ಬೇಕಿದ್ದವು. ಆಗ ಕಡಲು ಬಂಡೆಯ ಬುಡದವರೆಗೆ ಬರುತ್ತಿತ್ತು. ಇದ್ದ ಚೂರು ನೆಲವನ್ನು ಎಲ್ಲರೂ ಹಂಚಿಕೊಳ್ಳಬೇಕಾದ್ದರಿಂದ ಮನೆ ಅಗಲಕ್ಕೆ ಬೆಳೆಯಲಿಲ್ಲ, ಎತ್ತರಕ್ಕೆ ಬೆಳೆಯಿತು. 1834ರಿಂದ ಕಡಲಿಗೆ ಅಡ್ಡವಾಗಿ ತಡೆಗಳನ್ನು ಹಾಕತೊಡಗಿದ ಮೇಲೆ ಪಶ್ಚಿಮದಿಂದ ಅಲೆಯೊಂದಿಗೆ ಸಾಗಿ ಬರುವ ಕಲ್ಲು ಇಲ್ಲಿ ಸಿಕ್ಕಿಕೊಂಡಿತು, ದಂಡೆ ಅಗಲವಾಯಿತು. ಇಂದು ಅಲೆ ಬಲೆಮನೆಗಳಿಂದ ಬಹಳ ದೂರ. ಒತ್ತೊತ್ತಾಗಿ ನಿಂತ ಆ ಕಪ್ಪು ಗೋಡೆಗಳನ್ನು ನೋಡಿದರೆ ಕಡಲು ಒಮ್ಮೆ ಎಲ್ಲಿತ್ತೆಂದು ಯಾರೂ ಹೇಳಿಕೊಡಬೇಕಿಲ್ಲ.

ಅಲ್ಲಿಂದ ಮುಂದೆ ಈ ಕರಾವಳಿಯ ಯಾವ ಊರಿಗೆ ಹೋದರೂ ನಾನು ಮೊದಲು ಕೇಳುವ ಪ್ರಶ್ನೆ ಇದೇ: ಆಗ ಕಡಲು ಎಲ್ಲಿತ್ತು? ನಾರ್ಮಂಡಿಯ ವಿಲಿಯಂ ಬಂದಿಳಿದು ಯುದ್ಧ ಗೆದ್ದ 1066 ಎಂಬ ಇಸವಿಯನ್ನು ಇಲ್ಲಿ ರಸ್ತೆಯ ಫಲಕದ ಮೇಲೂ ಬರೆದಿದ್ದಾರೆ. ಪ್ರವಾಸೋದ್ಯಮದವರು ಇಡೀ ಪ್ರದೇಶವನ್ನೇ ‘1066 ನಾಡು’ ಎಂದು ಕರೆಯುತ್ತಾರೆ. ದೊರೆಗಳ ಕಥೆ ಕೇಳಲು ಬಂದವರಿಗೆ ಕೋಟೆ, ಮಠ, ಯುದ್ಧಭೂಮಿ ಎಲ್ಲ ಇವೆ. ಆದರೆ ಈ ನೆಲದ ಊರುಗಳನ್ನು ಎತ್ತಿದ್ದು, ಬೀಳಿಸಿದ್ದು, ಕೆಲವನ್ನು ನುಂಗಿ ಕೆಲವನ್ನು ಒಣನೆಲದಲ್ಲಿ ಬಿಟ್ಟುಹೋದದ್ದು ನೀರು ಮತ್ತು ಕಲ್ಲು. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ತಿರುಗಿದರೆ ಈ ಸೀಮೆ ಬೇರೆಯದೇ ರೀತಿಯಲ್ಲಿ ತೆರೆದುಕೊಳ್ಳುತ್ತದೆ.

ಮೀನುಗಾರರ ವಸ್ತುಸಂಗ್ರಹಾಲಯ ಬಲೆಮನೆಗಳ ಪಕ್ಕದಲ್ಲೇ ಇದೆ. 1854ರಲ್ಲಿ ಮೀನುಗಾರರಿಗೆಂದೇ ಕಟ್ಟಿದ ಪುಟ್ಟ ಚರ್ಚು 1956ರಲ್ಲಿ ಸಂಗ್ರಹಾಲಯವಾಯಿತು. ಒಳಗೆ ಹೋದರೆ ‘ಎಂಟರ್‌ಪ್ರೈಸ್’ ಎಂಬ ಹಾಯಿದೋಣಿ ಚರ್ಚಿನ ನಡುವನ್ನೆಲ್ಲ ತುಂಬಿಕೊಂಡು ನಿಂತಿದೆ. 1912ರಲ್ಲಿ ಇದೇ ದಂಡೆಯಲ್ಲಿ ಕಟ್ಟಿದ್ದು. ಹತ್ತಿ ನೋಡಬಹುದು, ಒಳಗಿನ ಜಾಗ ನೋಡಿದಾಗ ಗಂಡಸರು ಅಷ್ಟರಲ್ಲೇ ಹೇಗೆ ಮಲಗಿ ಎದ್ದರೋ ಎನಿಸುತ್ತದೆ. ಪ್ರವೇಶಕ್ಕೆ ಹಣವಿಲ್ಲ, ಪೆಟ್ಟಿಗೆಗೆ ಮನಸ್ಸಿದ್ದಷ್ಟು ಹಾಕಬಹುದು. ಹೇಸ್ಟಿಂಗ್ಸ್‌ನಲ್ಲಿ ಒಂದೇ ಒಂದು ಜಾಗ ನೋಡಲು ಸಮಯವಿದ್ದರೆ ನಾನು ಹೇಳುವುದು ಇದನ್ನೇ.

ಹಳೇ ಊರು ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿದೆ. ಎರಡಕ್ಕೂ ಹಗ್ಗ ಎಳೆಯುವ ಪುಟ್ಟ ರೈಲುಗಳಿವೆ: ಪಶ್ಚಿಮದ್ದು 1891ರದು, ಸುರಂಗದೊಳಗೆ ಏರುತ್ತದೆ, ಪೂರ್ವದ್ದು 1902ರದು, ಬಂಡೆಯ ಬೆನ್ನಿಗೆ ಅಂಟಿಕೊಂಡು ಬಯಲಲ್ಲೇ ಏರುತ್ತದೆ. ಪೂರ್ವದ ಗುಡ್ಡದ ಮೇಲಿಂದ ಊರಿನ ಕೆಂಪು ಹೆಂಚಿನ ಮಾಡುಗಳು, ಕಪ್ಪು ಬಲೆಮನೆಗಳು, ದಂಡೆಯ ಮೇಲೆ ಓರೆಯಾಗಿ ಕೂತ ದೋಣಿಗಳು ಒಂದೇ ನೋಟಕ್ಕೆ ಸಿಗುತ್ತವೆ. ಅಲ್ಲಿಂದಲೇ ಫೇರ್‌ಲೈಟ್ ಕಡೆಗೆ ಕಡಲ ಅಂಚಿನ ಕಾಲುದಾರಿ. ಮರಳುಗಲ್ಲಿನ ಈ ಬಂಡೆಗಳು ಮಳೆ ಹೆಚ್ಚಾದಾಗ ಕುಸಿಯುತ್ತಲೇ ಇರುತ್ತವೆ. ಕುಸಿದ ಚಪ್ಪಡಿಗಳಲ್ಲಿ ಇಗ್ವಾನೊಡಾನ್‌ನಂಥ ಡೈನೊಸಾರ್‌ಗಳ ಹೆಜ್ಜೆಗುರುತು ಸಿಕ್ಕಿವೆ. ಬಂಡೆಯ ಬುಡದಲ್ಲಿ ನಡೆಯಬೇಡಿ ಎಂಬ ಫಲಕವನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಪಶ್ಚಿಮದ ಗುಡ್ಡದ ಮೇಲೆ ಕೋಟೆ, ಅಥವಾ ಅದರಲ್ಲಿ ಉಳಿದದ್ದು. 1066ರಲ್ಲಿ ನಾರ್ಮಂಡಿಯ ವಿಲಿಯಂ ಬಂದಿಳಿದ ಕೂಡಲೇ ಮಣ್ಣು ಮರದಲ್ಲಿ ಎಬ್ಬಿಸಿದ ಕೋಟೆ, ಕೆಲವೇ ವರ್ಷದಲ್ಲಿ ಕಲ್ಲಿನದಾಯಿತು. 1287ರ ಬಿರುಗಾಳಿಗೆ ಬಂಡೆಯ ಮುಖವೇ ಕುಸಿದು ಕೋಟೆಯ ಒಂದು ಭಾಗ ಕಡಲಿಗೆ ಹೋಯಿತು. ಈಗ ಒಂದು ಕಮಾನು, ಒಂದಿಷ್ಟು ಗೋಡೆ, ಹುಲ್ಲು. ಗೋಡೆ ಇದ್ದಕ್ಕಿದ್ದಂತೆ ನಿಂತು ಆಚೆ ಆಕಾಶ ಶುರುವಾಗುವ ಜಾಗದಲ್ಲಿ ನಿಂತರೆ ಆ ವರ್ಷದ ಗಾಳಿಯ ಬಲ ಅಂದಾಜಾಗುತ್ತದೆ. 1287 ಎಂಬ ಇಸವಿ ನೆನಪಿರಲಿ. ಮುಂದೆ ಮತ್ತೆ ಬರುತ್ತದೆ.

ಕನ್ನಡಿಗನಿಗೆ ಈ ಊರಿನಲ್ಲಿ ಥಟ್ಟನೆ ಎದುರಾಗುವ ಹೆಸರೊಂದಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿನ ಆಡಳಿತ ವಹಿಸಿಕೊಂಡು, ಮರುವರ್ಷ ಧೋಂಡಿಯಾ ವಾಘನನ್ನು ಬಯಲುಸೀಮೆಯಲ್ಲಿ ಅಟ್ಟಿಸಿಕೊಂಡು ಹೋಗಿ ಮುಗಿಸಿದ ಆರ್ಥರ್ ವೆಲ್ಲೆಸ್ಲಿ 1806ರಲ್ಲಿ ಹೇಸ್ಟಿಂಗ್ಸ್‌ನ ಸೇನಾ ತುಕಡಿಯ ಮುಖ್ಯಸ್ಥ. ವಾಟರ್‌ಲೂ ಯುದ್ಧ ಇನ್ನೂ ದೂರವಿತ್ತು. ನೆಪೋಲಿಯನ್ ಎಂದು ಬಂದಾನೋ ಎಂದು ಇಡೀ ದಡ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದ ಕಾಲ ಅದು. ಫೋಕ್‌ಸ್ಟನ್‌ನಿಂದ ಸೀಫರ್ಡ್‌ವರೆಗೆ ಮಾರ್ಟೆಲ್ಲೊ ಎಂಬ ದುಂಡು ಗೋಪುರಗಳು ಏಳುತ್ತಿದ್ದವು, 74. ಹೈತ್ ಬಳಿಯಿಂದ ಕ್ಲಿಫ್ ಎಂಡ್‌ವರೆಗೆ 28 ಮೈಲಿ ಉದ್ದದ ಸೇನಾ ಕಾಲುವೆ ತೋಡುತ್ತಿದ್ದರು. ನೆಪೋಲಿಯನ್ ಬರಲೇ ಇಲ್ಲ. ಗೋಪುರಗಳಲ್ಲಿ ಕೆಲವು ಕಡಲಿಗೆ ಹೋದವು, ಕೆಲವು ಇಂದು ಮನೆಗಳಾಗಿವೆ, ಕಾಲುವೆಯ ದಂಡೆಯಲ್ಲಿ ಜನ ವಾಯುವಿಹಾರ ಮಾಡುತ್ತಾರೆ. ಶ್ರೀರಂಗಪಟ್ಟಣದ ಕೋಟೆಗೋಡೆ ನೋಡಿದ ಕಣ್ಣು ಈ ದಡವನ್ನೂ ಅಳೆದಿತ್ತೆಂಬುದು ನನ್ನನ್ನು ಬಹಳ ಹೊತ್ತು ಕಾಡಿತು.

ಮಕ್ಕಳಿದ್ದವರಿಗೆ ಊರಿನಲ್ಲಿ ಬೇಕಾದಷ್ಟಿದೆ: ಅಕ್ವೇರಿಯಂ, ಕಳ್ಳಸಾಗಣೆಯ ಕಥೆ ಹೇಳುವ ಸೇಂಟ್ ಕ್ಲೆಮೆಂಟ್ಸ್ ಗುಹೆಗಳು, ಐಸ್‌ಕ್ರೀಮ್, ಆಟದ ಸಾಲು. ಮೇ ತಿಂಗಳ ಮೊದಲ ರಜಾ ವಾರಾಂತ್ಯದಲ್ಲಿ ‘ಜ್ಯಾಕ್ ಇನ್ ದ ಗ್ರೀನ್’ ಹಬ್ಬ. ಅಡಿಯಿಂದ ಮುಡಿವರೆಗೆ ಎಲೆ ಹೊದ್ದ ಜ್ಯಾಕ್‌ನನ್ನು ಮೈಗೆ ಹಸಿರು ಬಳಿದುಕೊಂಡ ಜನ ಡೋಲು ಬಾರಿಸುತ್ತ ಊರ ಬೀದಿಗಳಲ್ಲಿ ಕುಣಿಸಿ, ಪಶ್ಚಿಮದ ಗುಡ್ಡದ ಮೇಲೆ ‘ಕೊಂದು’, ಬೇಸಿಗೆಯನ್ನು ಬಿಡುಗಡೆ ಮಾಡುತ್ತಾರೆ. ನಿಂತುಹೋಗಿದ್ದ ಈ ಆಚರಣೆಯನ್ನು 1983ರಲ್ಲಿ ಮತ್ತೆ ಎಬ್ಬಿಸಿದರು. ಕಡಲಿಗೆ ಚಾಚಿದ 1872ರ ಪಿಯರ್ 2010ರಲ್ಲಿ ಸುಟ್ಟುಹೋಗಿತ್ತು. 2016ರಲ್ಲಿ ಹೊಸದಾಗಿ ತೆರೆದು ಮರುವರ್ಷ ವಾಸ್ತುಶಿಲ್ಪದ ಸ್ಟರ್ಲಿಂಗ್ ಪ್ರಶಸ್ತಿ ಪಡೆಯಿತು. ಸುಟ್ಟುಳಿದ ಮರದಿಂದಲೇ ಅದರ ಮೇಲಿನ ಕುರ್ಚಿ ಮೇಜುಗಳನ್ನು ಮಾಡಿದ್ದಾರೆ.

ಪಶ್ಚಿಮಕ್ಕೆ, ಬೆಕ್ಸ್‌ಹಿಲ್ ಹಾದಿಯಲ್ಲಿ, ಬಲ್ವರ್‌ಹೈತ್ ಎಂಬಲ್ಲಿ ದಂಡೆಯಲ್ಲಿ ಸುಮ್ಮನೆ ನೋಡಿದರೆ ಏನೂ ಇಲ್ಲ. ನೀರು ಬಹಳ ಕೆಳಗಿಳಿಯುವ ದಿನ, ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನ ದೊಡ್ಡ ಇಳಿತದ ಹೊತ್ತಿಗೆ, ಕೆಸರಿನಿಂದ ಕಪ್ಪು ಮರದ ಪಕ್ಕೆಲುಬುಗಳು ಮೇಲೇಳುತ್ತವೆ. ಅದು ‘ಆಮ್‌ಸ್ಟರ್‌ಡ್ಯಾಮ್’. ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗು, ಮೊದಲ ಯಾನದಲ್ಲೇ, ಬಟಾವಿಯಾಕ್ಕೆ ಹೊರಟಿತ್ತು. ಬಿರುಗಾಳಿಗೆ ಚುಕ್ಕಾಣಿ ಮುರಿಯಿತು, ಹಡಗಿನೊಳಗೆ ರೋಗ ಹಬ್ಬಿ ಜನ ಸಾಯುತ್ತಿದ್ದರು, ಉಳಿದವರು ದಂಗೆಯೆದ್ದರು. 1749ರ ಜನವರಿಯಲ್ಲಿ ಇಲ್ಲಿ ದಂಡೆಗೆ ಬಂದು ಹೂತಿತು. ಮೆತ್ತನೆಯ ಕೆಸರು ಅದನ್ನು ಎಷ್ಟು ಬೇಗ ಒಳಗೆಳೆದುಕೊಂಡಿತೆಂದರೆ ಒಡಲಿನ ಬಹುಪಾಲು ಇಂದಿಗೂ ಕೆಳಗೆ ಕೆಡದೆ ಇದೆ. ಇದೇ ದಂಡೆಯಲ್ಲಿ, ಪೂರ್ವಕ್ಕೆ ಪೆಟ್ ಲೆವೆಲ್‌ನಲ್ಲಿಯೂ, ಇಳಿತದ ಹೊತ್ತಿಗೆ ಮರದ ಬುಡಗಳು ಕಾಣುತ್ತವೆ. ಸಾವಿರಾರು ವರ್ಷಗಳ ಹಿಂದೆ ಕಡಲು ಏರಿ ಮುಳುಗಿಸಿದ ಕಾಡು ಅದು. ಮುಟ್ಟಿದರೆ ಒದ್ದೆ ರೊಟ್ಟು, ಬೆರಳಿಗೆ ತೊಗಟೆಯ ಗೆರೆ ಸಿಗುತ್ತದೆ. ಹೋಗುವವರು ಉಬ್ಬರ ಇಳಿತದ ವೇಳಾಪಟ್ಟಿ ನೋಡಿಕೊಂಡೇ ಹೋಗಬೇಕು. ತಿರುಗಿ ಬರುವ ನೀರು ಹೇಳಿ ಬರುವುದಿಲ್ಲ.

ಬೆಕ್ಸ್‌ಹಿಲ್‌ನಲ್ಲಿ ಹೆಚ್ಚು ಹೊತ್ತು ಬೇಡ. ಗಾಜು, ಉಕ್ಕು, ಬಿಳಿ ಗೋಡೆಯ ಡೆ ಲಾ ವಾರ್ ಪೆವಿಲಿಯನ್ ಒಂದನ್ನು ನೋಡಿ; ಹಿಟ್ಲರನ ಜರ್ಮನಿ ತೊರೆದು ಬಂದ ಎರಿಕ್ ಮೆಂಡೆಲ್‌ಸೋನ್ ಮತ್ತು ಸರ್ಜ್ ಶೆರ್ಮಾಯೆಫ್ ಸೇರಿ ರೂಪಿಸಿದ ಈ ಕಟ್ಟಡ 1935ರದು. ಒಳಗಿನ ಸುರುಳಿ ಮೆಟ್ಟಿಲು ಹತ್ತುತ್ತ ಗಾಜಿನಾಚೆಯ ಕಡಲು ನೋಡುವುದೇ ಸುಖ. ಕೂಚ್ ಬಿಹಾರದ ಮಹಾರಾಜ ನೃಪೇಂದ್ರ ನಾರಾಯಣ ಆರೋಗ್ಯ ಸುಧಾರಿಸಿಕೊಳ್ಳಲು ಬಂದು 1911ರಲ್ಲಿ ತೀರಿಕೊಂಡದ್ದು ಇದೇ ಊರಿನಲ್ಲಿ.

ಪೆವೆನ್ಸಿಯಲ್ಲಿ ಕಡಲು ಕಾಣುವುದೇ ಇಲ್ಲ. ರೈಲಿನಿಂದಿಳಿದು ಸ್ವಲ್ಪ ನಡೆದರೆ ರೋಮನರು ಕ್ರಿ.ಶ. 290ರ ದಶಕದಲ್ಲಿ ಎಬ್ಬಿಸಿದ ಗೋಡೆ ಎದುರಾಗುತ್ತದೆ. ಬಹುಪಾಲು ಇನ್ನೂ ನಿಂತಿದೆ. ಒಳಗಿನ ಒಂದು ಮೂಲೆಯಲ್ಲಿ ನಾರ್ಮನ್ನರ ಕೋಟೆ. ರೋಮನರು ಇದನ್ನು ಕಟ್ಟುವಾಗ ಇದು ನೀರಿಗೆ ಚಾಚಿದ ನೆಲದ ನಾಲಿಗೆ. ಹಡಗುಗಳು ಗೋಡೆಯ ಹತ್ತಿರಕ್ಕೇ ಬರುತ್ತಿದ್ದವು. 1066ರ ಸೆಪ್ಟೆಂಬರ್ 28ರಂದು ವಿಲಿಯಂ ತನ್ನ ಪಡೆ, ಕುದುರೆಗಳೊಡನೆ ಬಂದಿಳಿದದ್ದು ಈ ಕೊಲ್ಲಿಯಲ್ಲಿ. ಈಗ ಅಲೆ ಸುಮಾರು ಒಂದು ಮೈಲಿ ಆಚೆ. ಹಡಗು ತೇಲಿದ ಕೊಲ್ಲಿ ಹುಲ್ಲುಗಾವಲಾಗಿ, ಅದರಲ್ಲಿ ದನ ಮೇಯುತ್ತವೆ. 1940ರಲ್ಲಿ ಮತ್ತೊಂದು ದಾಳಿಯ ಭಯ ಬಂದಾಗ ಇದೇ ರೋಮನ್ ಗೋಡೆಯೊಳಗೆ ಮೆಷಿನ್ ಗನ್ ಗೂಡುಗಳನ್ನು ಹುದುಗಿಸಿ, ಹಳೆಯ ಕಲ್ಲಿನಂತೆಯೇ ಕಾಣುವ ಹಾಗೆ ಮುಚ್ಚಿದರು. ಹುಡುಕಿದರೆ ಇಂದಿಗೂ ಸಿಗುತ್ತವೆ. ಮಕ್ಕಳಿಗೆ ಈ ಹುಡುಕಾಟ ಬಹಳ ಇಷ್ಟ.

ಹೇಸ್ಟಿಂಗ್ಸ್ ಯುದ್ಧ ನಡೆದ ಜಾಗ ಹೇಸ್ಟಿಂಗ್ಸ್‌ನಿಂದ ಹತ್ತು ಕಿಲೋಮೀಟರ್ ಒಳನಾಡಿನಲ್ಲಿದೆ. ಊರಿನ ಹೆಸರೇ ಬ್ಯಾಟಲ್. ಲಂಡನ್ನಿನ ಚೇರಿಂಗ್ ಕ್ರಾಸ್‌ನಿಂದ ಹೇಸ್ಟಿಂಗ್ಸ್‌ಗೆ ಬರುವ ರೈಲು ಇಲ್ಲಿ ನಿಲ್ಲುತ್ತದೆ, ಒಂದೂವರೆ ಗಂಟೆಯ ಆಸುಪಾಸಿನ ದಾರಿ. ಲಂಡನ್ ಸುತ್ತ ನೆಲೆಸಿರುವ ನಮ್ಮವರು ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟು ರಾತ್ರಿಗೆ ಮನೆ ಸೇರಬಹುದು.

ಈ ಯುದ್ಧದ ಹಿಂದೆಯೂ ಕಡಲ ಗಾಳಿ ಇದೆ. ಆ ಬೇಸಿಗೆಯೆಲ್ಲ ಇಂಗ್ಲೆಂಡಿನ ದೊರೆ ಹೆರಾಲ್ಡ್ ದಕ್ಷಿಣದ ದಡದಲ್ಲಿ ಪಡೆ ನಿಲ್ಲಿಸಿ ವಿಲಿಯಂಗಾಗಿ ಕಾದ. ವಿಲಿಯಂ ಆಚೆ ದಡದಲ್ಲಿ ಗಾಳಿಗಾಗಿ ಕಾದ. ಸೆಪ್ಟೆಂಬರ್ ಮೊದಲ ವಾರ ದಾಟುವ ಹೊತ್ತಿಗೆ ತಿನ್ನಲು ದವಸ ಮುಗಿದು ಹೆರಾಲ್ಡ್ ಪಡೆಯನ್ನು ಮನೆಗೆ ಕಳಿಸಬೇಕಾಯಿತು. ಅಷ್ಟರಲ್ಲಿ ಉತ್ತರದಲ್ಲಿ ನಾರ್ವೆಯ ದೊರೆ ಹರಾಲ್ಡ್ ಹಾರ್ಡ್ರಾಡಾ ಇಳಿದ. ಇಂಗ್ಲೆಂಡಿನ ಹೆರಾಲ್ಡ್ ಓಡೋಡಿ ಹೋಗಿ ಸೆಪ್ಟೆಂಬರ್ 25ರಂದು ಸ್ಟ್ಯಾಮ್‌ಫರ್ಡ್ ಬ್ರಿಜ್‌ನಲ್ಲಿ ಅವನನ್ನು ಸೋಲಿಸಿದ. ಮೂರೇ ದಿನಕ್ಕೆ ದಕ್ಷಿಣದಲ್ಲಿ ಗಾಳಿ ತಿರುಗಿ ವಿಲಿಯಂ ಪೆವೆನ್ಸಿಗೆ ಬಂದ. ದಣಿದ ಪಡೆಯನ್ನು ಮತ್ತೆ ದಕ್ಷಿಣಕ್ಕೆ ತಿರುಗಿಸಿಕೊಂಡು ಬಂದ ಹೆರಾಲ್ಡ್ ಅಕ್ಟೋಬರ್ 14ರ ಶನಿವಾರ ಈ ದಿಬ್ಬದ ನೆತ್ತಿಯಲ್ಲಿ ಗುರಾಣಿಗೆ ಗುರಾಣಿ ತಾಗಿಸಿ ಗೋಡೆ ಕಟ್ಟಿ ನಿಂತ.

ಇಳಿಜಾರಿನ ಕೆಳಗಿನಿಂದ, ನಾರ್ಮನ್ನರು ಏರಿದ ದಿಕ್ಕಿನಿಂದ, ಒಮ್ಮೆ ನಡೆದು ಮೇಲೆ ಹೋಗಿ. ಮಳೆ ಬಂದು ನಿಂತ ಮಾರನೆಯ ದಿನವಾದರೆ ಇನ್ನೂ ಒಳ್ಳೆಯದು. ತಗ್ಗಿನಲ್ಲಿ ಕೆಸರು, ಹುಲ್ಲು ಜಾರುತ್ತದೆ, ಅರ್ಧ ದಾರಿಗೆ ಏದುಸಿರು. ಕಬ್ಬಿಣದ ಅಂಗಿ ತೊಟ್ಟು, ಮೇಲಿನಿಂದ ಕೊಡಲಿಯೇಟು ಬೀಳುವಾಗ ಇದನ್ನು ದಿನವಿಡೀ ಹತ್ತಿದರು ಎಂಬುದು ಪುಸ್ತಕದಲ್ಲಿ ಓದಿದರೆ ತಿಳಿಯುವಂಥದ್ದಲ್ಲ. ನಾರ್ಮನ್ನರು ಓಡಿಹೋಗುವಂತೆ ನಟಿಸಿ ಇಂಗ್ಲಿಷರನ್ನು ಕೆಳಗೆಳೆದರು ಎನ್ನುತ್ತಾರೆ; ಸಂಜೆಗೆ ಹೆರಾಲ್ಡ್ ಬಿದ್ದ. ಗೆದ್ದ ವಿಲಿಯಂ ಪ್ರಾಯಶ್ಚಿತ್ತವಾಗಿ ಮಠ ಕಟ್ಟಿಸಿ, ಹೆರಾಲ್ಡ್ ಸತ್ತ ಜಾಗದಲ್ಲೇ ಮುಖ್ಯ ಪೀಠ ಇರಬೇಕೆಂದ. ದಿಬ್ಬದ ನೆತ್ತಿಯಲ್ಲಿ ನೀರಿಲ್ಲ, ಕೆಳಗೆ ಕಟ್ಟೋಣವೆಂದು ಸನ್ಯಾಸಿಗಳು ಹೇಳಿದರೂ ಒಪ್ಪಲಿಲ್ಲವೆಂದು ಮಠದ ವೃತ್ತಾಂತವೇ ಹೇಳುತ್ತದೆ. ಎಂಟನೇ ಹೆನ್ರಿಯ ಕಾಲದಲ್ಲಿ ಮಠಗಳನ್ನು ಮುಚ್ಚಿದಾಗ ಚರ್ಚು ನೆಲಸಮವಾಯಿತು. ಪೀಠವಿದ್ದ ಜಾಗದಲ್ಲಿ ಹುಲ್ಲಿನ ನಡುವೆ ಒಂದು ಕಲ್ಲುಹಾಸು. ಯಾರೋ ಯಾವಾಗಲೂ ಅದರ ಮೇಲೆ ಹೂವಿಟ್ಟು ಹೋಗಿರುತ್ತಾರೆ. ಕೆಳಗೆ ಇಳಿಜಾರಿನಲ್ಲಿ ಕುರಿಗಳು.

ಪೂರ್ವಕ್ಕೆ ತಿರುಗಿದರೆ ವಿಂಚೆಲ್ಸೀ. 1287ರ ಬಿರುಗಾಳಿ ಹೇಸ್ಟಿಂಗ್ಸ್‌ನ ಕೋಟೆಯನ್ನು ಕೆಡವಿದ್ದು ಹೇಳಿದೆನಲ್ಲ, ಅದೇ ಗಾಳಿ ಇಲ್ಲಿ ಕಲ್ಲುದಂಡೆಯ ಮೇಲಿದ್ದ ಹಳೆಯ ವಿಂಚೆಲ್ಸೀಯನ್ನು ಪೂರ್ತಿ ಅಳಿಸಿತು. ಅದು ಸಣ್ಣ ಹಳ್ಳಿಯಾಗಿರಲಿಲ್ಲ. ಗ್ಯಾಸ್ಕನಿಯ ದ್ರಾಕ್ಷಾರಸ ಬಂದಿಳಿಯುತ್ತಿದ್ದ ಶ್ರೀಮಂತ ಬಂದರು. ಈಗ ಅದು ಎಲ್ಲಿತ್ತೆಂದು ಬೆರಳಿಟ್ಟು ತೋರಿಸುವುದೂ ಕಷ್ಟ. ಅದು ಮುಳುಗುತ್ತಿದೆಯೆಂದು ಮೊದಲೇ ಅರಿತಿದ್ದ ದೊರೆ ಒಂದನೇ ಎಡ್ವರ್ಡ್ ಹತ್ತಿರದ ಗುಡ್ಡದ ಮೇಲೆ ಹೊಸ ಊರು ಅಳೆಸಿದ. ಅಳತೆಯ ಹಗ್ಗ ಹಿಡಿದು ಎಳೆದ ನೇರ ಬೀದಿಗಳು, ಚೌಕ ಚೌಕ ಪಾಲುಗಳು, ಮನೆಗಳ ಅಡಿಗೆ ದ್ರಾಕ್ಷಾರಸದ ಪೀಪಾಯಿಗಳಿಗೆಂದು ಕಲ್ಲುಕಮಾನಿನ ನೆಲಮಾಳಿಗೆಗಳು. ಆಮೇಲೆ ಫ್ರೆಂಚರ ದಾಳಿ, ಪ್ಲೇಗು, ಕೊನೆಗೆ ಬಂದರಿನಲ್ಲಿ ಹೂಳು. ಊರಿನ ದಕ್ಷಿಣ ಬಾಗಿಲಾದ ನ್ಯೂ ಗೇಟ್ ಇಂದು ಮನೆಗಳಿಂದ ದೂರ, ಹೊಲಗಳ ನಡುವೆ ಒಂಟಿಯಾಗಿ ನಿಂತಿದೆ. ಊರು ಅಲ್ಲಿಯವರೆಗೆ ಇತ್ತು, ಅಥವಾ ಅಲ್ಲಿಯವರೆಗೆ ಬೆಳೆಯುತ್ತದೆಂದು ನಂಬಿದ್ದರು. ಅಲ್ಲಿಯವರೆಗೂ ನಡೆದುಹೋಗಿ ಬರುವವರು ಕಡಿಮೆ, ಹೋಗಬೇಕು.

ಸೇಂಟ್ ಥಾಮಸ್ ಚರ್ಚಿನ ಅಂಗಳದಲ್ಲಿ ಹಾಸ್ಯಗಾರ ಸ್ಪೈಕ್ ಮಿಲಿಗನ್ನನ ಸಮಾಧಿಯಿದೆ. ಹುಟ್ಟಿದ್ದು 1918ರಲ್ಲಿ ಅಹಮದ್‌ನಗರದಲ್ಲಿ, ಬಾಲ್ಯದ ಬಹುಪಾಲು ಪುಣೆ, ರಂಗೂನುಗಳಲ್ಲಿ. ಎರಡನೇ ಮಹಾಯುದ್ಧದ ಆರಂಭದಲ್ಲಿ ತೋಪಿನ ದಳದ ಸಿಪಾಯಿಯಾಗಿ ಬೆಕ್ಸ್‌ಹಿಲ್‌ನಲ್ಲಿ ಕಾವಲಿದ್ದ. 2002ರಲ್ಲಿ ಇಲ್ಲಿ ಮಣ್ಣಾದ. ನನಗೆ ಕಾಯಿಲೆಯಿದೆ ಎಂದು ಹೇಳಿದ್ದೆನಲ್ಲ ಎಂಬ ಅವನ ಮಾತು ಕಲ್ಲಿನ ಮೇಲೆ ಐರಿಷ್ ಭಾಷೆಯಲ್ಲಿದೆ. ಇಂಗ್ಲಿಷಿನಲ್ಲಿ ಕೆತ್ತಿಸಲು ಚರ್ಚಿನವರು ಒಪ್ಪಿರಲಿಲ್ಲ.

ರೈ ಊರಿಗೆ 1287 ಕೊಟ್ಟದ್ದೇ ಹೆಚ್ಚು. ಅಲ್ಲಿಯವರೆಗೆ ನ್ಯೂ ರಾಮ್ನಿಯಲ್ಲಿ ಕಡಲು ಸೇರುತ್ತಿದ್ದ ರಾದರ್ ನದಿ ಆ ಬಿರುಗಾಳಿಯಲ್ಲಿ ದಾರಿ ಬದಲಿಸಿ ರೈ ಕಡೆಗೆ ಹರಿಯಿತು. ರಾಮ್ನಿ ಬಂದರು ಹೂಳಿನಲ್ಲಿ ಕಟ್ಟಿಕೊಂಡಿತು, ರೈ ಏಳಿಗೆಗೆ ಬಂತು. ಇಲ್ಲಿ ಒಂದು ಹಳೆಯ ಒಪ್ಪಂದ ಹೇಳಬೇಕು. ಹೇಸ್ಟಿಂಗ್ಸ್, ನ್ಯೂ ರಾಮ್ನಿ, ಹೈತ್, ಡೋವರ್, ಸ್ಯಾಂಡ್‌ವಿಚ್: ಇವು ಐದು ಬಂದರುಗಳ ಕೂಟ. ವರ್ಷಕ್ಕೆ 15 ದಿನ ದೊರೆಗೆ 57 ಹಡಗು ಕೊಡಬೇಕು. ಬದಲಿಗೆ ತೆರಿಗೆಯಿಂದ ಬಿಡುಗಡೆ, ತಮ್ಮ ನ್ಯಾಯ ತಾವೇ ಮಾಡಿಕೊಳ್ಳುವ ಹಕ್ಕು. ರೈ, ವಿಂಚೆಲ್ಸೀಗಳು ಆಮೇಲೆ ಸೇರಿಕೊಂಡವು. ಇವುಗಳಲ್ಲಿ ದೊಡ್ಡ ಹಡಗು ನಿಲ್ಲುವ ಬಂದರಾಗಿ ಉಳಿದದ್ದು ಡೋವರ್ ಒಂದೇ.

ರೈಯ ಮರ್ಮೇಡ್ ಸ್ಟ್ರೀಟ್‌ನ ಚಿತ್ರ ಇಂಗ್ಲೆಂಡಿನ ಅರ್ಧ ಕ್ಯಾಲೆಂಡರುಗಳಲ್ಲಿದೆ. ಗುಂಡುಕಲ್ಲು ಹಾಸಿದ ಏರು, ಮರದ ಅಡ್ಡಪಟ್ಟಿಯ ಬಾಗಿದ ಮನೆಗಳು, ಬಾಗಿಲ ಮೇಲೆ ಗುಲಾಬಿ ಬಳ್ಳಿ. ನಡುವೆ 1420ರಲ್ಲಿ ಮತ್ತೆ ಕಟ್ಟಿದ ಮರ್ಮೇಡ್ ಇನ್. 18ನೇ ಶತಮಾನದಲ್ಲಿ ಹಾಕ್‌ಹರ್ಸ್ಟ್ ಕಳ್ಳಸಾಗಣೆಯ ಗುಂಪು ತುಂಬಿದ ಪಿಸ್ತೂಲುಗಳನ್ನು ಮೇಜಿನ ಮೇಲಿಟ್ಟು ಇಲ್ಲಿ ಕುಡಿಯುತ್ತಿತ್ತಂತೆ. ಬೇಸಿಗೆಯ ಮಧ್ಯಾಹ್ನ ಬೀದಿ ತುಂಬ ಜನ; ಬೆಳಿಗ್ಗೆ ಎಂಟಕ್ಕೆ ಹೋದರೆ ಅದು ನಿಮ್ಮದೇ. ಬೀದಿಯ ಮೇಲ್ತುದಿಯ ಬಳಿ ಹೆನ್ರಿ ಜೇಮ್ಸ್ ಬದುಕಿದ ಲ್ಯಾಂಬ್ ಹೌಸ್. ಅಲ್ಲಿಂದ ಎರಡು ಹೆಜ್ಜೆಗೆ ಸೇಂಟ್ ಮೇರಿ ಚರ್ಚು. ಅದರ ಗಡಿಯಾರ 1560ರ ದಶಕದ ಆರಂಭದ್ದು, ಇನ್ನೂ ನಡೆಯುತ್ತಿದೆ. ಉದ್ದನೆಯ ಲೋಲಕ ಚಾವಣಿಯಿಂದ ಚರ್ಚಿನೊಳಕ್ಕೆ ಇಳಿದು ಪ್ರಾರ್ಥನೆಗೆ ಕೂತವರ ತಲೆಯ ಮೇಲೆ ನಿಧಾನವಾಗಿ ಅತ್ತಿಂದಿತ್ತ ತೂಗುತ್ತದೆ. 1377ರಲ್ಲಿ ಫ್ರೆಂಚರು ಊರು ಸುಟ್ಟು ಚರ್ಚಿನ ಗಂಟೆಗಳನ್ನು ಹೊತ್ತೊಯ್ದಿದ್ದರು. ಮರುವರ್ಷ ರೈ, ವಿಂಚೆಲ್ಸೀಯವರು ಹಡಗೇರಿ ಹೋಗಿ ನಾರ್ಮಂಡಿಯ ಊರು ಸುಟ್ಟು ಗಂಟೆ ಮರಳಿ ತಂದರು.

ಗೋಪುರದ ಇಕ್ಕಟ್ಟಾದ ಏಣಿ ಹತ್ತಿ. ಒಮ್ಮೆ ನೀರು ಸುತ್ತುವರಿದಿದ್ದ ಗುಡ್ಡ ಇದು ಎಂಬುದು ಮೇಲೆ ನಿಂತ ಕ್ಷಣದಲ್ಲಿ ಸ್ಪಷ್ಟವಾಗುತ್ತದೆ. ಎಲ್ಲ ಕಡೆ ಚಪ್ಪಟೆ ಹಸಿರು, ಕಾಲುವೆಗೆರೆಗಳು, ಕುರಿಗಳ ಬಿಳಿಚುಕ್ಕೆ. ಕಡಲು ಎರಡು ಮೈಲಿ ದೂರದಲ್ಲಿ ಒಂದು ಮಿಂಚುವ ಪಟ್ಟಿ. ಆ ಹಸಿರಿನ ನಡುವೆ ಹೂವಿನ ಆಕಾರದ ಒಂದು ಕಲ್ಲಿನ ಕೋಟೆ: ಎಂಟನೇ ಹೆನ್ರಿ ಬಂದರಿನ ಬಾಯಿ ಕಾಯಲೆಂದು ಕಟ್ಟಿಸಿದ ಕ್ಯಾಂಬರ್ ಕ್ಯಾಸಲ್. ಕಡಲು ಅದನ್ನು ಬಿಟ್ಟು ದೂರ ಸರಿದದ್ದರಿಂದ ನೂರು ವರ್ಷ ತುಂಬುವ ಮೊದಲೇ, 1637ರಲ್ಲಿ, ಅದನ್ನು ತೊರೆದರು.

ರೈ ಹಾರ್ಬರ್‌ನ ನಿಸರ್ಗಧಾಮದ ಕಲ್ಲುದಂಡೆಯಲ್ಲಿ ಮೇ ಜೂನ್‌ನಲ್ಲಿ ಕಡಲಕೋಸು ಬಿಳಿ ಹೂ ಬಿಡುತ್ತದೆ, ಹಳದಿ ಗಸಗಸೆ ಅರಳುತ್ತದೆ, ಆಫ್ರಿಕಾದಿಂದ ಬಂದ ರೀವ ಹಕ್ಕಿಗಳು ಕಲ್ಲಿನ ನಡುವೆ ಕಲ್ಲಿನ ಬಣ್ಣದ ಮೊಟ್ಟೆಯಿಡುತ್ತವೆ. ದಾರಿ ಬಿಟ್ಟು ಇಳಿಯಬೇಡಿ ಎಂದು ಬರೆದಿರುವುದು ಅದಕ್ಕೇ. ಹಾಗೆಯೇ ಪಶ್ಚಿಮಕ್ಕೆ ನಡೆದರೆ ದಂಡೆಯ ಮೇಲೆ ಒಂದು ಖಾಲಿ ಕಟ್ಟಡ ಸಿಗುತ್ತದೆ, ರಕ್ಷಣಾ ದೋಣಿಯ ಮನೆ. 1928ರ ನವೆಂಬರ್ 15ರ ನಸುಕಿನಲ್ಲಿ, ನೈಋತ್ಯದ ಬಿರುಗಾಳಿಯಲ್ಲಿ, ‘ಆಲಿಸ್ ಆಫ್ ರೀಗಾ’ ಎಂಬ ಹಡಗು ಅಪಾಯದಲ್ಲಿದೆಯೆಂಬ ಸುದ್ದಿ ಬಂತು. ಹಳ್ಳಿಯ 17 ಗಂಡಸರು ಹಾಸಿಗೆಯಿಂದೆದ್ದು ಇಲ್ಲಿಗೆ ಓಡಿಬಂದು ‘ಮೇರಿ ಸ್ಟ್ಯಾನ್‌ಫರ್ಡ್’ ದೋಣಿಯನ್ನು ಹೆಗಲು ಕೊಟ್ಟು ನೀರಿಗಿಳಿಸಿದರು. ಹುಟ್ಟು ಮತ್ತು ಹಾಯಿಯ ದೋಣಿ, ಎಂಜಿನ್ನಿಲ್ಲ. ಅವರು ಹೊರಟ ಸ್ವಲ್ಪ ಹೊತ್ತಿಗೇ ಇನ್ನೊಂದು ಸುದ್ದಿ ಬಂತು: ಆ ಹಡಗಿನವರನ್ನು ಬೇರೆ ಹಡಗು ಕಾಪಾಡಿಯಾಗಿದೆ. ದಡದವರು ವಾಪಸು ಬನ್ನಿ ಎಂದು ಆಕಾಶಕ್ಕೆ ಸಂಕೇತ ಹಾರಿಸಿದರು, ಮತ್ತೆ ಮತ್ತೆ ಹಾರಿಸಿದರು. ಮಳೆ, ಎರಚುವ ನೀರಿನ ನಡುವೆ ದೋಣಿಯವರಿಗೆ ಕಾಣಲಿಲ್ಲ. ಬೆಳಿಗ್ಗೆ ಮರಳುವಾಗ ಬಂದರಿನ ಬಾಯಿಯ ಹತ್ತಿರ ದೋಣಿ ಮಗುಚಿತು. ಹದಿನೇಳೂ ಮಂದಿ ಹೋದರು. ಅವರಲ್ಲಿ ಒಬ್ಬ ತಂದೆ ಮತ್ತು ಅವನ ಇಬ್ಬರು ಮಕ್ಕಳು. ಒಂದೇ ತಾಯಿಯ ಅಣ್ಣತಮ್ಮಂದಿರೂ ಇದ್ದರು. ಊರಿನ ಮೀನುಗಾರ ಗಂಡಸರು ಬಹುತೇಕ ಒಂದೇ ಬೆಳಗಿನಲ್ಲಿ ಇಲ್ಲವಾದರು. ಆ ದೋಣಿಮನೆಯನ್ನು ಮತ್ತೆ ಬಳಸಲಿಲ್ಲ. ಅದರ ಮುಂದೆ ನಿಂತಾಗ ದೊರೆಗಳ ಯುದ್ಧ ನನಗೆ ಚಿಕ್ಕದಾಗಿ ಕಂಡಿತು. ಹಳ್ಳಿಯ ಚರ್ಚಿನಲ್ಲಿ ಅವರ ಹೆಸರುಗಳಿವೆ. ಓದಿ ಬರದೆ ಈ ದಾರಿಯಲ್ಲಿ ಮುಂದೆ ಹೋಗಬಾರದು.

ನದಿಯಾಚೆ ಕ್ಯಾಂಬರ್ ಸ್ಯಾಂಡ್ಸ್, ಈ ಕಲ್ಲಿನ ಕರಾವಳಿಯಲ್ಲಿ ಮೈಲಿಗಟ್ಟಲೆ ಹರಡಿದ ನಿಜವಾದ ಮರಳು, ಮರಳದಿಬ್ಬ. ರಜಾದಿನದಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ಅದನ್ನು ದಾಟಿ ಕೆಂಟ್ ಸೀಮೆಗೆ ಕಾಲಿಟ್ಟರೆ ಡಂಜನೆಸ್: ಕಡಲು ತಂದು ಸುರಿದ ಕಲ್ಲಿನ ಬಯಲು, ಅಲ್ಲಲ್ಲಿ ಒಂಟಿ ಮರದ ಮನೆಗಳು, ಹಿನ್ನೆಲೆಯಲ್ಲಿ ಸ್ಥಗಿತಗೊಂಡ ಎರಡು ಅಣುಸ್ಥಾವರಗಳು. ಚಿತ್ರನಿರ್ದೇಶಕ ಡೆರೆಕ್ ಜಾರ್ಮನ್ ತನ್ನ ಕೊನೆಯ ವರ್ಷಗಳನ್ನು ಕಳೆದ ಪ್ರಾಸ್ಪೆಕ್ಟ್ ಕಾಟೇಜ್ ಇಲ್ಲೇ ಇದೆ, ಕಪ್ಪು ಗೋಡೆ, ಹಳದಿ ಕಿಟಕಿ. ಬೇಲಿಯಿಲ್ಲದ ತೋಟದಲ್ಲಿ ದಂಡೆಯಿಂದ ಆಯ್ದು ತಂದ ತುಕ್ಕು ಸರಪಳಿ, ತೇಲಿಬಂದ ಮರ, ತೂತಿನ ಕಲ್ಲುಗಳ ನಡುವೆ ಗಿಡಗಳು. ಹೈತ್‌ನಿಂದ ಇಲ್ಲಿಯವರೆಗೆ 15 ಅಂಗುಲ ಅಗಲದ ಹಳಿಯ ಮೇಲೆ ಉಗಿಬಂಡಿ ಓಡುತ್ತದೆ, 1928ರಿಂದ. ಹೊಗೆ ಬಿಡುತ್ತ ಬರುವ ಆ ಪುಟ್ಟ ಬಂಡಿಯಲ್ಲಿ ಮೊಣಕಾಲು ಮಡಚಿ ಕೂತ ದೊಡ್ಡವರ ಮುಖದಲ್ಲೂ ಮಕ್ಕಳ ಖುಷಿಯೇ.

ಡಂಜನೆಸ್‌ನಲ್ಲಿ ಒಂದಾದ ಮೇಲೊಂದರಂತೆ ಐದು ದೀಪಸ್ತಂಭಗಳನ್ನು ಕಟ್ಟಬೇಕಾಯಿತು. ಕಲ್ಲು ಸೇರಿ ಸೇರಿ ದಡ ಮುಂದಕ್ಕೆ ಬೆಳೆದಂತೆ ಹಳೆಯ ದೀಪ ನೀರಿನಿಂದ ದೂರವಾಗುತ್ತಿತ್ತು. ಮತ್ತೊಂದನ್ನು ಮುಂದೆ ಕಟ್ಟುತ್ತಿದ್ದರು. ಐದನೆಯದು, 1961ರದು, ಅಣುಸ್ಥಾವರದ ಕಟ್ಟಡ 1904ರ ದೀಪಕ್ಕೆ ಅಡ್ಡ ಬಂದದ್ದರಿಂದ. ಆ 1904ರ ಕಪ್ಪು ಸ್ತಂಭದ 169 ಮೆಟ್ಟಿಲು ಹತ್ತಿದರೆ ಸ್ಥಾವರದ ಎರಡೂ ಮಗ್ಗುಲು ಕಾಣುತ್ತವೆ. ಪೂರ್ವದ ದಡ ಬೆಳೆಯುತ್ತಿದೆ, ಸ್ಥಾವರ ನಿಂತಿರುವ ದಕ್ಷಿಣದ ದಡ ಸವೆಯುತ್ತಿದೆ. ಅದಕ್ಕೇ ದಶಕಗಳಿಂದ ಚಳಿಗಾಲದಲ್ಲಿ ಲಾರಿಗಳು ಪೂರ್ವದ ದಡದಲ್ಲಿ ಕಲ್ಲು ತುಂಬಿಕೊಂಡು ಹೋಗಿ ಸ್ಥಾವರದ ಮುಂದೆ ಸುರಿದು ಬರುತ್ತವೆ. ಪೆಟ್ ಲೆವೆಲ್‌ನಲ್ಲಿಯೂ ಇದೇ ಕೆಲಸ: ರೈ ಹಾರ್ಬರ್ ಕಡೆ ಬಂದು ಸೇರಿದ ಕಲ್ಲನ್ನು ಹೇರಿಕೊಂಡು ಮತ್ತೆ ಪಶ್ಚಿಮದ ಕ್ಲಿಫ್ ಎಂಡ್‌ಗೆ ಒಯ್ಯುತ್ತಾರೆ, ಅಲೆ ಅದನ್ನು ಪುನಃ ಪೂರ್ವಕ್ಕೆ ತಳ್ಳುತ್ತದೆ, ಮುಂದಿನ ಚಳಿಗಾಲಕ್ಕೆ ಲಾರಿಗಳು ಮತ್ತೆ ಬರುತ್ತವೆ.